ಉಪ್ಪುನೀರು ನಿಲ್ಲುವ ಗೆರೆ

ಗೋವೆಯ ನಕ್ಷೆಯನ್ನು ಎಲ್ಲರೂ ಕಡಲ ಕಡೆಯಿಂದಲೇ ಓದುತ್ತಾರೆ. ಕಲಂಗುಟ್, ಬಾಗಾ, ಕೋಲ್ವಾ, ಪಾಳೋಳೆಂ ಎಂದು ತೀರದುದ್ದಕ್ಕೂ ಬೆರಳಾಡಿಸಿದರೆ ಗೋವೆ ನೋಡಿದಂತಾಯಿತು ಎಂಬ ಭಾವನೆ. ಇಲ್ಲಿ ನೆಲೆಸಿರುವ ನಮ್ಮ ಹುಬ್ಬಳ್ಳಿ, ಗದಗ, ವಿಜಯಪುರದ ಜನ ಅದೇ ನಕ್ಷೆಯನ್ನು ಘಟ್ಟದ ಕಡೆಯಿಂದ ಓದುತ್ತಾರೆ: ಚೋರ್ಲಾ, ಅನಮೋಡ, ಕ್ಯಾಸಲ್‌ರಾಕ್, ಆಮೇಲೆ ಇಳಿಜಾರು. ಎರಡು ಓದಿನಲ್ಲೂ ಮುಖ್ಯವಾದುದೊಂದು ಬಿಟ್ಟುಹೋಗುತ್ತದೆ. ಈ ನಾಡಿನ ಬೆಳೆ, ಬಂದರು, ರಾಜಧಾನಿ, ದೇವಸ್ಥಾನ, ಕೊನೆಗೆ ಯಾರ ಮನೆ ಎಲ್ಲಿ ಎಂಬುದನ್ನೂ ನಿರ್ಧರಿಸುತ್ತ ಬಂದದ್ದು ನದಿಯೊಳಗೆ ಸಮುದ್ರದ ನೀರು ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಎಂಬ ಸಂಗತಿ.

ಮೊದಲು ನೆಲದ ಏರುಪೇರು ನೋಡೋಣ. ಗೋವೆಯ ವಿಸ್ತೀರ್ಣ 3702 ಚದರ ಕಿ.ಮೀ. ಕಡಲಿನಿಂದ ಘಟ್ಟದ ನೆತ್ತಿಗೆ ಹೆಚ್ಚೆಂದರೆ 60 ಕಿ.ಮೀ. ಆಸುಪಾಸು. ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ಘಟ್ಟವನ್ನು ಧುಮ್ಮಿಕ್ಕಿ ಇಳಿಯುತ್ತಾಳೆ. ಇಳಿದ ಮೇಲೆ ಮಾಂಡವಿ ಎಂಬ ಹೆಸರಿನಲ್ಲಿ ಹರಿಯುವಾಗ ಅವಳ ಪಾತ್ರ ಬಹುತೇಕ ಮಟ್ಟಸ. ಹೀಗೆ ಮಟ್ಟಸವಾಗಿರುವುದರಿಂದಲೇ ಸಮುದ್ರದ ಉಬ್ಬರ ಅಳಿವೆಯಿಂದ ಸುಮಾರು 50 ಕಿ.ಮೀ. ಒಳಗೆ, ಗಾಂಜೆಯವರೆಗೆ ತಲುಪುತ್ತದೆ. ದಕ್ಷಿಣದ ಝುವಾರಿಯಲ್ಲೂ ಅದೇ ಕಥೆ. ಅಲ್ಲಿ ಸಾಂಗೆಯ ತನಕ ನೀರು ದಿನಕ್ಕೆರಡು ಬಾರಿ ಏರಿ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಅಳಿವೆಯಲ್ಲಿ ನೀರು ಎರಡು ಮೀಟರಿಗೂ ಹೆಚ್ಚು ಏರಿಳಿದರೆ, ಅಷ್ಟಮಿಯ ಆಸುಪಾಸಿನಲ್ಲಿ ಅದರ ಅರ್ಧದಷ್ಟು.

ಏರಿಳಿಯುವ ನೀರೆಲ್ಲ ಉಪ್ಪಲ್ಲ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಜುಲೈನಲ್ಲಿ ಘಟ್ಟದ ಸಿಹಿನೀರು ಸಮುದ್ರವನ್ನು ಅಳಿವೆಯ ಬಾಯಿಯ ತನಕ ಹಿಂದಕ್ಕೆ ತಳ್ಳುತ್ತದೆ. ಮೇ ತಿಂಗಳಲ್ಲಿ ನದಿಯ ಹರಿವು ಸೊರಗಿದಾಗ ಸಮುದ್ರ ಮೇಲೇರಿ ಬರುತ್ತದೆ. ಪಣಜಿಯ ದಂಡೆಯಲ್ಲಿ ಮುಟ್ಟಿದರೆ ಅದು ಕಡಲ ನೀರೇ. ಉಪ್ಪುನೀರು ನಿಲ್ಲುವ ಈ ಗೆರೆ ವರ್ಷದಲ್ಲಿ ಹತ್ತಾರು ಕಿ.ಮೀ. ಹಿಂದೆ ಮುಂದೆ ಸರಿಯುತ್ತಿರುತ್ತದೆ. ಗೋವೆಯ ಹಳೆಯ ಜನ ಊರು ಕಟ್ಟಿದ್ದು, ಭತ್ತ ಬೆಳೆದದ್ದು ಎಲ್ಲ ಈ ಸರಿಯುವ ಗೆರೆಯನ್ನು ಲೆಕ್ಕ ಹಾಕಿಯೇ.

ಭತ್ತದಿಂದಲೇ ಶುರುಮಾಡುತ್ತೇನೆ, ಏಕೆಂದರೆ ಇಲ್ಲಿಯ ಅತ್ಯಂತ ದೊಡ್ಡ ನಿರ್ಮಾಣ ಕೋಟೆಯೂ ಅಲ್ಲ, ಚರ್ಚೂ ಅಲ್ಲ. ಅದು ನದಿಯ ಇಕ್ಕೆಲಗಳಲ್ಲಿ ಮೈಲುಗಟ್ಟಲೆ ಹಬ್ಬಿರುವ ಮಣ್ಣಿನ ಕಟ್ಟು. ಆ ಕಟ್ಟಿನ ಒಳಗಿನ ಗದ್ದೆಗೆ ಖಾಜನ್ ಎನ್ನುತ್ತಾರೆ. ಕುಮಟಾ, ಅಘನಾಶಿನಿ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಅವರ ಗಜನಿ ಭೂಮಿ ಇದೇ. ಅಲ್ಲಿ ಕಗ್ಗ ಬೆಳೆದಂತೆ ಇಲ್ಲಿ ಕೊರ್ಗುಟ್ ಬೆಳೆಯುತ್ತಾರೆ. ಎರಡೂ ಉಪ್ಪು ತಾಳುವ, ಎತ್ತರಕ್ಕೆ ಬೆಳೆಯುವ ಕೆಂಪಕ್ಕಿ ತಳಿಗಳು. ಗೋವೆಯಲ್ಲಿ ಇಂಥ ಭೂಮಿ ಸುಮಾರು 18,000 ಹೆಕ್ಟೇರ್. ಇದರಲ್ಲಿ ಬಹುಪಾಲು ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಕಟ್ಟು ಇಲ್ಲದಿದ್ದರೆ ಇವೆಲ್ಲ ದಿನಕ್ಕೆರಡು ಸಲ ಮುಳುಗುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಾಗಿರುತ್ತಿದ್ದವು.

ಕಟ್ಟಿನ ಒಳಗಿನ ತಿರುಳು ಅದೇ ಗದ್ದೆಯ ಅಂಟು ಜೇಡಿ. ಬೇಸಿಗೆಯಲ್ಲಿ, ಅದೂ ಅಷ್ಟಮಿಯ ಸಣ್ಣ ಉಬ್ಬರದ ದಿನಗಳಲ್ಲಿ, ಜೇಡಿಯನ್ನು ತುಂಡುತುಂಡಾಗಿ ಕಡಿದು ಪದರ ಪದರವಾಗಿ ಹಾಕಿ, ನಡುವೆ ಹುಲ್ಲು ಸೇರಿಸಿ ತುಳಿಯುತ್ತಾರೆ. ಒಂದು ಪದರ ಬಿಗಿದ ಮೇಲೆ ಇನ್ನೊಂದು. ಅವಸರ ಮಾಡಿ ಒಮ್ಮೆಗೇ ಎತ್ತರಿಸಿದರೆ ಕೆಳಗಿನ ಕೆಸರು ಭಾರ ತಾಳದೆ ಪಕ್ಕಕ್ಕೆ ಜಾರುತ್ತದೆ, ಕಟ್ಟು ಕುಳಿತುಬಿಡುತ್ತದೆ. ನದಿಯ ಕಡೆಯ ಮುಖಕ್ಕೆ ಚಿರೆಕಲ್ಲನ್ನು (ಜಂಬಿಟ್ಟಿಗೆ) ಗಾರೆಯಿಲ್ಲದೆ ಜೋಡಿಸುತ್ತಾರೆ. ಗಾರೆ ಬಿಡುವುದು ಖರ್ಚು ಉಳಿಸಲಿಕ್ಕಲ್ಲ. ಜೇಡಿಯ ಕಟ್ಟು ವರ್ಷವರ್ಷವೂ ಸ್ವಲ್ಪ ಕುಸಿಯುತ್ತದೆ. ಬಿಡಿಕಲ್ಲು ಅದರೊಂದಿಗೇ ಕುಳಿತುಕೊಳ್ಳುತ್ತದೆ, ಸಂದಿಯಿಂದ ನೀರು ಬಸಿದುಹೋಗುತ್ತದೆ. ಕಾಂಕ್ರೀಟ್ ಗೋಡೆ ಹಾಗೆ ಕುಳಿತುಕೊಳ್ಳಲಾರದು. ಮೆತ್ತನೆಯ ತಳದ ಮೇಲೆ ಅದು ಬಿರುಕು ಬಿಡುತ್ತದೆ, ಬಿರುಕಿನ ಹಿಂದೆ ನೀರು ಮಣ್ಣನ್ನು ಕೊರೆಯುವುದು ಹೊರಗೆ ನಿಂತವರಿಗೆ ಕಾಣುವುದೂ ಇಲ್ಲ.

ಕಟ್ಟಿನ ಜೀವ ಇರುವುದು ತೂಬಿನಲ್ಲಿ. ಇಲ್ಲಿ ಅದಕ್ಕೆ ಮಾನಸ್ ಎನ್ನುತ್ತಾರೆ. ಕುಮಟಾದವರ ಜಂತ್ರಡಿಯೂ ಅದೇ ಕೆಲಸದ್ದು. ಎರಡು ಕಡೆ ಚಿರೆಕಲ್ಲಿನ ಗೋಡೆ, ನಡುವೆ ಮರದ ಚೌಕಟ್ಟು, ಅದಕ್ಕೆ ಮೇಲಂಚಿನಿಂದ ನೇತಾಡುವ ಹಲಗೆಯ ಬಾಗಿಲು. ಬಾಗಿಲು ನದಿಯ ಕಡೆಗೆ ಮಾತ್ರ ತೆರೆಯುತ್ತದೆ. ಇಳಿತದ ಹೊತ್ತಿಗೆ ಒಳಗಿನ ನೀರಿನ ಮಟ್ಟ ಹೆಚ್ಚಿರುವುದರಿಂದ ಬಾಗಿಲು ತಾನೇ ತೆರೆದು ಗದ್ದೆಯ ನೀರು ಹೊರಗೆ ಹೋಗುತ್ತದೆ. ಉಬ್ಬರ ಬಂದಾಗ ಹೊರಗಿನ ನೀರೇ ಒತ್ತಿ ಅದನ್ನು ಮುಚ್ಚುತ್ತದೆ. ಮೋಟಾರಿಲ್ಲ, ಕಾವಲುಗಾರನೂ ಇಲ್ಲ. ಆದರೆ ಒಂದು ಮರದ ಕೊಂಬೆಯೋ ಪ್ಲಾಸ್ಟಿಕ್ ಚೀಲವೋ ಬಾಗಿಲ ಸಂದಿಗೆ ಸಿಕ್ಕರೆ ಒಂದೇ ಉಬ್ಬರದಲ್ಲಿ ಗದ್ದೆಗೆ ಉಪ್ಪು ನುಗ್ಗುತ್ತದೆ. ತೂಬಿನ ಹಿಂದೆ ಆಳವಾದ ಗುಂಡಿ ಇರುತ್ತದೆ. ಗದ್ದೆಯ ಕಾಲುವೆಗಳೆಲ್ಲ ಅಲ್ಲಿಗೆ ಬಂದು ಸೇರುತ್ತವೆ. ಸಿಗಡಿ, ಏಡಿ, ಮೀನು ಅಲ್ಲೇ ಬೆಳೆಯುತ್ತವೆ. ಇಳಿತದ ರಾತ್ರಿಗಳಲ್ಲಿ ತೂಬಿನ ಬಾಯಿಗೆ ಚೀಲಬಲೆ ಕಟ್ಟಿ ಹಿಡಿಯುವ ಹಕ್ಕನ್ನು ಊರವರು ಹರಾಜು ಹಾಕುತ್ತಾರೆ. ಆ ದುಡ್ಡು ಕಟ್ಟಿನ ರಿಪೇರಿಗೆ. ಮೀನೇ ಭತ್ತವನ್ನು ಕಾಯುವ ಈ ಏರ್ಪಾಡಿನಷ್ಟು ಜಾಣತನದ್ದನ್ನು ಪಶ್ಚಿಮ ಕರಾವಳಿಯಲ್ಲಿ ಬೇರೆ ಕಾಣೆ.

ಬೇಸಾಯದ ಕ್ರಮವೂ ಉಪ್ಪಿನ ಗೆರೆಯನ್ನೇ ಹಿಡಿದು ಸಾಗುತ್ತದೆ. ಬೇಸಿಗೆಯಲ್ಲಿ ಒಣ ಉಳುಮೆ ಮಾಡಿ ಹೆಂಟೆಯಾಗಿ ಬಿಡಬೇಕು. ಮಳೆ ಮಣ್ಣಿನ ಆಳಕ್ಕೆ ಇಳಿಯಲು ಅದು ದಾರಿ. ಜೂನ್‌ನ ಮೊದಲ ಜೋರು ಮಳೆಯ ನೀರನ್ನು ಗದ್ದೆಯಲ್ಲಿ ನಿಲ್ಲಿಸಿ, ಇಳಿತದಲ್ಲಿ ತೂಬಿನಿಂದ ಹೊರಬಿಡಬೇಕು. ಮತ್ತೆ ತುಂಬಿಸಿ ಮತ್ತೆ ಬಿಡಬೇಕು. ಹೀಗೆ ಕೆಲವು ಸಲ ತೊಳೆದ ಮೇಲೆ ಮೊಳಕೆ ಕಟ್ಟಿದ ಬೀಜ ಎರಚುವುದು. ಸಾಮಾನ್ಯ ಭತ್ತದ ಇಳುವರಿ ಮಣ್ಣಿನ ಲವಣಾಂಶ, ವಿದ್ಯುತ್ ವಾಹಕತೆಯ ಅಳತೆಯಲ್ಲಿ, ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದರೆ ಬೀಳತೊಡಗುತ್ತದೆ. ಕೊರ್ಗುಟ್ ಅದಕ್ಕಿಂತ ಹೆಚ್ಚು ತಾಳುತ್ತದೆ, ಆದರೆ ಎಳೆಯ ಸಸಿಗೆ ಅದರಲ್ಲೂ ತಾಳಿಕೆ ಕಡಿಮೆ. ಜೂನ್‌ನಲ್ಲಿ ಮಳೆ ಕೈಕೊಟ್ಟು ವಾರಗಟ್ಟಲೆ ಬಿಸಿಲು ಬಿದ್ದರೆ ಕೆಳಗಿನ ಉಪ್ಪು ಮೇಲಕ್ಕೆ ಏರಿ ಮೊಳಕೆ ಸುಟ್ಟುಹೋಗುತ್ತದೆ. ಇನ್ನೊಂದು ಅಪಾಯ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಈ ಜೇಡಿಯಲ್ಲಿ ಗಂಧಕದ ಅಂಶ ಬಹಳ. ನೀರಿನಡಿ ಇರುವ ತನಕ ಅದು ಸುಮ್ಮನಿರುತ್ತದೆ. ಆಳವಾಗಿ ಅಗೆದು ಗಾಳಿಗೆ ಒಡ್ಡಿದರೆ ಆಮ್ಲವಾಗಿ ಮಣ್ಣನ್ನೇ ಹುಳಿಯಾಗಿಸುತ್ತದೆ. ಸಿಗಡಿ ಕೊಳಕ್ಕೆಂದು ಜೆಸಿಬಿಯಲ್ಲಿ ತೋಡಿದ ಗದ್ದೆಯನ್ನು ಮತ್ತೆ ಭತ್ತಕ್ಕೆ ತರಲು ಯಾಕೆ ಒದ್ದಾಡಬೇಕಾಗುತ್ತದೆ ಎಂಬುದಕ್ಕೆ ಇದು ಕಾರಣ.

ಕಟ್ಟು ಒಡೆಯುವುದು ಸಾಮಾನ್ಯವಾಗಿ ದೊಡ್ಡ ಅಲೆಯಿಂದಲ್ಲ, ಏಡಿಯ ಬಿಲದಿಂದ. ಬಿಲದಲ್ಲಿ ನೀರು ಜಿನುಗಿ, ಜಿನುಗಿದ್ದು ಹರಿದು, ಹರಿದದ್ದು ಮಣ್ಣನ್ನು ಹೊತ್ತೊಯ್ದು ಒಳಗೇ ಸುರಂಗವಾಗುತ್ತದೆ. ಹುಣ್ಣಿಮೆಯ ಉಬ್ಬರಕ್ಕೆ ಮೇಲಿನ ಮಣ್ಣು ಕುಸಿಯುತ್ತದೆ. ಒಡಕನ್ನು ಮುಂದಿನ ಅಮಾವಾಸ್ಯೆಯೊಳಗೆ ಮುಚ್ಚದಿದ್ದರೆ ಅದು ಅಗಲವಾಗುತ್ತಲೇ ಹೋಗುತ್ತದೆ. ಕೆಲವು ವರ್ಷ ಹಾಗೇ ಬಿಟ್ಟರೆ ಗದ್ದೆಯಲ್ಲಿ ಕಾಂಡ್ಲಾ ಬೇರೂರುತ್ತದೆ. ಕಾಂಡ್ಲಾ ಕಡಿಯಲು ಕಾನೂನಿನ ನಿಷೇಧವಿದೆ, ಹಾಗಾಗಿ ಆ ಗದ್ದೆ ಮತ್ತೆ ಗದ್ದೆಯಾಗುವುದು ಬಲು ಕಷ್ಟ. ಕಟ್ಟಿನ ಹೊರಮಗ್ಗುಲಿನ ಕಾಂಡ್ಲಾ ಅಲೆಯ ಹೊಡೆತ ತಡೆಯುವ ರಕ್ಷಕ. ಒಳಗೆ ಬಂದರೆ ಅದೇ ಗದ್ದೆಯ ಅಂತ್ಯ. ಇದನ್ನು ಬಲ್ಲವರು ಕಾಂಡ್ಲಾ ಬೇಕೇ ಬೇಡವೇ ಎಂದು ವಾದಿಸುವುದಿಲ್ಲ, ಎಲ್ಲಿ ಎಂದು ಕೇಳುತ್ತಾರೆ. ಗಣಿ ಜೋರಾಗಿದ್ದ ಕಾಲದಲ್ಲಿ ಸಾವಿರಾರು ಟನ್ ಅದಿರು ಹೊತ್ತ ಬಾರ್ಜ್‌ಗಳ ಅಲೆ ಹಗಲೂ ರಾತ್ರಿ ಈ ಕಟ್ಟುಗಳ ಬುಡ ಕೊರೆಯಿತು. ಮಳೆಗಾಲದಲ್ಲಿ ಮಾಂಡವಿಯ ಅಳಿವೆಯ ಮರಳದಿಬ್ಬ ದಾಟಲಾಗದೆ ಬಾರ್ಜ್‌ಗಳು ಕುಂಭಾರಜುವೆ ಕಾಲುವೆಯಿಂದ ಝುವಾರಿಗೆ ಸುತ್ತುಬಳಸಿ ಮುರಗಾಂವ್ ಸೇರುತ್ತಿದ್ದವು. ಇಕ್ಕಟ್ಟಾದ ಆ ಕಾಲುವೆಯ ದಂಡೆಗಳಿಗೇ ಹೆಚ್ಚು ಪೆಟ್ಟು.

ಆ ಮರಳದಿಬ್ಬ ಗೋವೆಯ ಇತಿಹಾಸದಲ್ಲಿ ಒಂದು ಪಾತ್ರವೇ ಆಗಿದೆ. 1510ರಲ್ಲಿ ಹೊನ್ನಾವರದ ನೌಕಾನಾಯಕ ತಿಮ್ಮಯ್ಯನ ಸಲಹೆ ಕೇಳಿ ಪೋರ್ಚುಗೀಸ್ ಸೇನಾಪತಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಮೇ ತಿಂಗಳಲ್ಲಿ ವಿಜಯಪುರದ ಆದಿಲಶಾಹಿ ಸೈನ್ಯ, ಇಂದಿನ ಪಣಜಿ ಮತ್ತು ಹಳೇ ಗೋವೆ ಇರುವ ತಿಸವಾಡಿ ದ್ವೀಪಕ್ಕೆ ದಾಟಿ ಅವನನ್ನು ಹೊರಹಾಕಿತು. ಹಡಗು ಹತ್ತಿ ಪರಾರಿಯಾಗೋಣ ಎಂದರೆ ಮಳೆಗಾಲ ಬಂದಿತ್ತು, ಅಳಿವೆ ಮುಚ್ಚಿತ್ತು. ಪೋರ್ಚುಗೀಸ್ ಹಡಗುಗಳು ತಿಂಗಳುಗಟ್ಟಲೆ ಮಾಂಡವಿಯಲ್ಲೇ ಸಿಕ್ಕಿಬಿದ್ದು, ದಂಡೆಯಿಂದ ಗುಂಡು, ಒಳಗೆ ಹಸಿವು ಎಂಬ ಸ್ಥಿತಿಯಲ್ಲಿ ಆಗಸ್ಟ್‌ವರೆಗೆ ದಿನ ಕಳೆದವು. ಅಳಿವೆ ತೆರೆದ ಮೇಲೆ ಹೊರಟು, ನವೆಂಬರ್ 25ರಂದು ಮತ್ತೆ ಬಂದು ಗೋವೆಯನ್ನು ಗೆದ್ದರು. ಮಳೆಗಾಲಕ್ಕೆ ಮೊದಲು ಘಟ್ಟ ಇಳಿದು ಬರುವ ಸೈನ್ಯಕ್ಕೆ ಅನುಕೂಲ, ಮಳೆಗಾಲದ ನಂತರ ಕಡಲಿನಿಂದ ಬರುವವರಿಗೆ ಅನುಕೂಲ. ಆ ವರ್ಷದ ಎರಡೂ ಫಲಿತಾಂಶ ಈ ಲೆಕ್ಕದಂತೆಯೇ ಬಂದಿತು.

ಇದಕ್ಕೂ ಮುಂಚೆ ನದಿಯ ಹೂಳು ರಾಜಧಾನಿಗಳನ್ನು ಎಬ್ಬಿಸಿ ಕಳಿಸುತ್ತಿತ್ತು. ಗೋವೆಯ ಕದಂಬರು ಮೊದಲು ಕುಶಾವತಿ ದಂಡೆಯ ಚಂದ್ರಪುರದಿಂದ, ಅಂದರೆ ಇಂದಿನ ಚಾಂದೋರ್‌ನಿಂದ ಆಳುತ್ತಿದ್ದರು. 11ನೇ ಶತಮಾನದಲ್ಲಿ ಒಂದನೇ ಜಯಕೇಶಿಯ ಕಾಲಕ್ಕೆ ಝುವಾರಿ ದಂಡೆಯ ಗೋಪಕಪಟ್ಟಣಕ್ಕೆ ಬಂದರು. ಹಲಸಿಯಿಂದ ಕಡಲಿನ ತನಕ ಹಬ್ಬಿದ್ದ ಆ ಕನ್ನಡ ದೊರೆಗಳಿಗೆ ಘಟ್ಟದ ಮೇಲೊಂದು ಕಾಲು, ಅಳಿವೆಯಲ್ಲೊಂದು ಕಾಲು ಇತ್ತು. ತಾಂಬ್ಡಿ ಸುರ್ಲಾದ ಮಹಾದೇವ ಗುಡಿಯನ್ನು ಸ್ಥಳೀಯ ಚಿರೆಕಲ್ಲಿನಲ್ಲಿ ಕಟ್ಟದೆ ಘಟ್ಟದಾಚೆಯಿಂದ ತಂದದ್ದೆನ್ನುವ ಕರಿಕಲ್ಲಿನಲ್ಲಿ ಕಟ್ಟಿರುವುದು ಆ ಎರಡು ಲೋಕಗಳ ನಂಟಿಗೆ ಕಣ್ಣೆದುರಿನ ಸಾಕ್ಷಿ. ಚಿರೆಕಲ್ಲಿನಲ್ಲಿ ಅಂಥ ಸೂಕ್ಷ್ಮ ಕೆತ್ತನೆ ನಿಲ್ಲುವುದಿಲ್ಲ. ಮುಂದೆ ದಂಡಯಾತ್ರೆಗಳ ಹೊಡೆತ, ಜೊತೆಗೆ ಝುವಾರಿಯ ಹೂಳು, ಗೋಪಕಪಟ್ಟಣ ಸೊರಗಿತು. ವ್ಯಾಪಾರ ಮಾಂಡವಿ ದಂಡೆಯ ಏಲಾ ಊರಿಗೆ ಸರಿಯಿತು. ಅರಬ್ಬೀ ಕುದುರೆಗಳು ಇಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೂ ಬಹಮನಿ ರಾಜ್ಯಕ್ಕೂ ಹೋಗುತ್ತಿದ್ದವು. ಗೋವೆಗಾಗಿ ಆ ಎರಡು ರಾಜ್ಯಗಳು ಅಷ್ಟು ಹೊಡೆದಾಡಿದ್ದು ಕಡಲತೀರದ ಆಸೆಗಲ್ಲ, ಕುದುರೆಯ ದಾರಿಗಾಗಿ.

ಏಲಾ ಪೋರ್ಚುಗೀಸರ ಕೈಯಲ್ಲಿ ಹಳೇ ಗೋವೆಯಾಯಿತು. ಅದನ್ನು ಖಾಲಿ ಮಾಡಿಸಿದ್ದು ಶತ್ರುವಲ್ಲ, ರೋಗ. 1543ರಲ್ಲೇ ಅಲ್ಲಿ ಕಾಲರಾದ ದೊಡ್ಡ ಹಾವಳಿ. ಚಿರೆಕಲ್ಲು ತೂತು ತೂತಾದ ಕಲ್ಲು. ಸಾವಿರಾರು ಮನೆಗಳ ಮಲಗುಂಡಿಯಿಂದ ಇಳಿದದ್ದು ಅದರ ಮೂಲಕ ಪಕ್ಕದ ಬಾವಿಗೇ ಸೇರುತ್ತದೆ. ಸುತ್ತಲಿನ ಜೌಗು, ಕೆರೆಗಳಿಂದ ಮಲೇರಿಯಾ ಬೇರೆ. 1695ರಲ್ಲಿ ವೈಸರಾಯ್ ನಿವಾಸ ಪಕ್ಕದ ಪಣೆಲಿಗೆ ಬದಲಾಯಿತು, 1759ರಲ್ಲಿ ಪಣಜಿಗೆ ಬಂತು. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಪಣಜಿಯಾದರೂ ಆಲ್ತಿನ್ಹೊ ಗುಡ್ಡಕ್ಕೂ ನದಿಗೂ ನಡುವೆ ತಗ್ಗು ನೆಲ ತುಂಬಿಸಿ ಬೆಳೆದ ಊರು. ರಿಬಂದರಿನಿಂದ ಪಣಜಿಗೆ ಬರುವ ಸುಮಾರು ಮೂರು ಕಿ.ಮೀ. ಉದ್ದದ ರಸ್ತೆ 1630ರ ದಶಕದಲ್ಲಿ ವೈಸರಾಯ್ ಲಿನ್ಹಾರೆಸ್ ಜೌಗಿನ ಮೇಲೆ ಕಟ್ಟಿಸಿದ ಸೇತುಮಾರ್ಗ. ಇವತ್ತಿಗೂ ಬಸ್ಸು ಅದರ ಮೇಲೆಯೇ ಓಡುತ್ತದೆ. ಜೋರು ಮಳೆಗೆ ದೊಡ್ಡ ಉಬ್ಬರ ಜೊತೆಗೂಡಿದಾಗ 18 ಜೂನ್ ರಸ್ತೆಯಲ್ಲಿ ನೀರು ನಿಲ್ಲುವುದಕ್ಕೆ ಪಾಲಿಕೆಯ ಚರಂಡಿಯನ್ನಷ್ಟೇ ದೂರಿ ಪ್ರಯೋಜನವಿಲ್ಲ. ಹೊರಗೆ ನದಿ ಎತ್ತರದಲ್ಲಿದ್ದರೆ ಚರಂಡಿಯ ನೀರು ಹೋಗಬೇಕಾದರೂ ಎಲ್ಲಿಗೆ?

ನದಿ ಗಡಿಯೂ ಆಗಿತ್ತು. ಪೋರ್ಚುಗೀಸರು 16ನೇ ಶತಮಾನದಲ್ಲಿ ಗಟ್ಟಿಯಾಗಿ ಹಿಡಿದದ್ದು ತಿಸವಾಡಿ, ಬಾರ್ದೇಶ್, ಸಾಷ್ಟಿ ಮಾತ್ರ. ಉಬ್ಬರದ ನೀರಿನಲ್ಲಿ ದೋಣಿ ಸಾಗುವ ತನಕ ಅವರ ರಾಜ್ಯ. ಕಾಲುವೆಯಾಚೆ ಫೋಂಡಾ ಆದಿಲಶಾಹಿಯದ್ದು. ಹಾಗಾಗಿಯೇ ಪೋರ್ಚುಗೀಸರು ದೇವಸ್ಥಾನಗಳನ್ನು ಕೆಡವತೊಡಗಿದಾಗ, 1560ರ ಸುಮಾರಿಗೆ, ಕುಶಸ್ಥಳಿಯ ಮಂಗೇಶ, ಕೆಳಶಿಯ ಶಾಂತಾದುರ್ಗೆ ನೀರು ದಾಟಿ ಫೋಂಡಾ ಕಡೆಯ ಗುಡ್ಡಗಳ ಮಡಿಲಿಗೆ ಬಂದರು. ನಮ್ಮ ಕರಾವಳಿಯ ಎಷ್ಟೋ ಮನೆತನಗಳು ಇನ್ನೂ ಕುಲದೇವರ ದರ್ಶನಕ್ಕೆ ಬರುವುದು ಆ ಹೊಸ ನೆಲೆಗಳಿಗೇ. ಹಳೆಯ ನೆಲೆಗೂ ಹೊಸ ನೆಲೆಗೂ ಅಂತರ ಬಹಳವಿಲ್ಲ, ಆದರೆ ನಡುವಿನ ನೀರು ಎರಡು ರಾಜ್ಯಗಳನ್ನು ಬೇರ್ಪಡಿಸುತ್ತಿತ್ತು. ಫೋಂಡಾ, ಕೇಪೆ, ಸಾಂಗೆ, ಕಾಣಕೋಣಗಳು ಪೋರ್ಚುಗೀಸರ ಕೈಗೆ ಬಂದದ್ದು ಎರಡು ಶತಮಾನ ಕಳೆದು, 1763ರ ಸುಮಾರಿಗೆ ಹೈದರಾಲಿ ಸೋಂದೆಯನ್ನು ಮುತ್ತಿ, ಸೋಂದೆಯ ಅರಸರು ಗೋವೆಯಲ್ಲಿ ಆಶ್ರಯ ಪಡೆದಾಗ. ಶಿರಸಿ ಬಳಿಯ ಒಂದು ಸಣ್ಣ ರಾಜ್ಯದ ಸೋಲಿನಿಂದ ಗೋವೆಯ ದಕ್ಷಿಣ ಗಡಿ ನಿಂತಿತು.

ಘಟ್ಟದ ಮಾತು ಬಿಟ್ಟರೆ ಕನ್ನಡಿಗರ ಗೋವೆ ಪೂರ್ತಿಯಾಗುವುದಿಲ್ಲ. 1888ರಲ್ಲಿ ಮುರಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್‌ಗೆ ಮೀಟರ್‌ಗೇಜ್ ರೈಲು ಹೋಯಿತು. ಹುಬ್ಬಳ್ಳಿ ಸೀಮೆಯ ಹತ್ತಿ ಕಡಲಿಗೆ ಇಳಿಯಲೆಂದು ಹಾಕಿದ ದಾರಿ. ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗಿನ ಸುಮಾರು 26 ಕಿ.ಮೀ.ಯಲ್ಲಿ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ರೈಲಿಗೆ ಇದು ಬಹಳ ಕಡಿದು. ಹಿಂದೆ ಎಂಜಿನ್ ಸೇರಿಸಿ ನೂಕದೆ ಗಾಡಿ ಹತ್ತುವುದಿಲ್ಲ, ಇಳಿಯುವಾಗ ಬ್ರೇಕ್ ಪರೀಕ್ಷೆ ಮಾಡದೆ ಬಿಡುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ಮಣ್ಣು ಕುಸಿದರೆ, ಚೋರ್ಲಾ ಅಥವಾ ಅನಮೋಡ ರಸ್ತೆ ಮುಚ್ಚಿದರೆ, ಮಡಗಾಂವ್ ಮಾರುಕಟ್ಟೆಯಲ್ಲಿ ಬೆಳಗಾವಿಯ ತರಕಾರಿಗೆ ತಕ್ಷಣ ಬೆಲೆ ಏರುತ್ತದೆ. ಅದೇ ದಾರಿಯಲ್ಲಿ ಉತ್ತರ ಕರ್ನಾಟಕದ ಕೂಲಿಕಾರರೂ ಬಂದರು. ಗಣಿ, ಬಂದರು, ಕಟ್ಟಡ, ರಸ್ತೆ ಎಲ್ಲದರಲ್ಲಿ ಅವರ ಬೆವರಿದೆ. ಅವರಿಗೆ ಉಳಿದ ಜಾಗ ಯಾವುದು ನೋಡಿ: ಮಡಗಾಂವಿನ ಮೋತಿ ಡೊಂಗರ್, ಚಿಂಬಲ್, ಝುವಾರಿನಗರ. ಹಳೆಯ ಊರು ಬೇಡವೆಂದು ಬಿಟ್ಟ ಗುಡ್ಡದ ಇಳಿಜಾರು, ನೀರಿಲ್ಲದ ಬೋಳು ಸಡೆ (ಗುಡ್ಡದ ಮೇಲಿನ ಬಯಲು). ಗುಡ್ಡದ ಬುಡದ ಊಟೆಯ ಪಕ್ಕ ಶತಮಾನಗಳ ಹಿಂದೆಯೇ ಮನೆಗಳಾಗಿವೆ, ಅದರ ಕೆಳಗೆ ಕುಳಾಗರ (ಅಡಿಕೆ, ತೆಂಗಿನ ತೋಟ), ಇನ್ನೂ ಕೆಳಗೆ ಖಾಜನ್. ಕೊನೆಗೆ ಬಂದವರ ಪಾಲಿಗೆ ನೆತ್ತಿ ಅಥವಾ ಕೆಸರು. ಇದು ಅನ್ಯಾಯ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಮಹದಾಯಿ ವಿವಾದದ ಬಗ್ಗೆ ಎರಡೂ ಕಡೆ ಕೂಗಾಟ ಹೆಚ್ಚು. 2018ರ ನ್ಯಾಯಮಂಡಳಿಯ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ, ಗೋವೆಗೆ 24, ಮಹಾರಾಷ್ಟ್ರಕ್ಕೆ 1.33 ಎಂದಿತು. ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿನ ಹಕ್ಕು ನಿಜವಾದದ್ದು. ಆದರೆ ಗೋವೆಯಲ್ಲಿ ಬದುಕುವ ಕನ್ನಡಿಗ ಇನ್ನೊಂದು ಲೆಕ್ಕವನ್ನೂ ನೋಡಲೇಬೇಕು. ಜುಲೈನಲ್ಲಿ ನದಿಯಿಂದ ಸ್ವಲ್ಪ ನೀರು ತೆಗೆದರೆ ಉಪ್ಪಿನ ಗೆರೆ ಹೆಚ್ಚು ಕದಲಲಾರದು. ಡಿಸೆಂಬರ್‌ನಿಂದ ಮೇವರೆಗಿನ ಬಡ ಹರಿವಿನಲ್ಲಿ ತೆಗೆದರೆ ಅದು ಮೇಲಕ್ಕೆ ಸರಿಯುತ್ತದೆ, ದಂಡೆಯ ಬಾವಿ, ನೀರೆತ್ತುವ ಘಟಕ, ಬೇಸಿಗೆ ಬೆಳೆ ಎಲ್ಲಕ್ಕೂ ತಟ್ಟುತ್ತದೆ. ವರ್ಷಕ್ಕೆ ಎಷ್ಟು ಎಂಬ ಒಂದೇ ಸಂಖ್ಯೆಯಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಯಾವ ತಿಂಗಳು ಎಷ್ಟು ಎಂದು ಕೇಳಬೇಕು.

ಖಾಜನ್‌ಗಳು ಹಾಳಾಗುತ್ತಿರುವುದಕ್ಕೆ ನೀರಿಗಿಂತ ಆಡಳಿತ ಹೆಚ್ಚು ಕಾರಣ. ಪೋರ್ಚುಗೀಸರಿಗೂ ಮೊದಲು ಊರಿನ ಗಾಂವಕಾರಿ ಸಂಸ್ಥೆ ಕಟ್ಟು, ತೂಬುಗಳನ್ನು ನೋಡಿಕೊಳ್ಳುತ್ತಿತ್ತು. 1526ರಲ್ಲೇ ಪೋರ್ಚುಗೀಸ್ ಸರ್ಕಾರ ಆ ಪದ್ಧತಿಗಳನ್ನು ಬರೆದಿಟ್ಟು ಒಪ್ಪಿಕೊಂಡಿತು. ಬಿಡುಗಡೆಯ ನಂತರ 1964ರ ಗೇಣಿ ಕಾಯಿದೆ ಉಳುವವನಿಗೆ ರಕ್ಷಣೆ ಕೊಟ್ಟಿತು. ಅದು ಆಗಲೇಬೇಕಾಗಿದ್ದ ಕೆಲಸ. ಕಟ್ಟಿನ ಹೊಣೆ ಗೇಣಿದಾರರ ಸಂಘಗಳಿಗೆ ಬಂತು. ಆದರೆ ಭತ್ತ ಲಾಭವಿಲ್ಲದ ಬೆಳೆಯಾಗಿ, ತೂಬಿನ ಮೀನಿನ ಹರಾಜಿನಲ್ಲೇ ದುಡ್ಡು ಎಂದಾದಾಗ ಕೆಲವು ಕಡೆ ತೂಬನ್ನು ಮೀನಿನ ಅನುಕೂಲಕ್ಕೆ ತೆರೆದಿಡುವುದು ಶುರುವಾಯಿತು. ಉಪ್ಪುನೀರು ನಿಂತ ಗದ್ದೆಯನ್ನು ಬೀಳುಬಿಡುತ್ತಾರೆ, ಬೀಳುಬಿದ್ದದ್ದಕ್ಕೆ ಮಣ್ಣು ತುಂಬಿಸುತ್ತಾರೆ, ಮಣ್ಣು ತುಂಬಿದ್ದು ಸೈಟಾಗುತ್ತದೆ.

ಆ ಸೈಟು ಕೊಳ್ಳುವವರಲ್ಲಿ ನಮ್ಮವರೂ ಇದ್ದಾರೆ, ಹಾಗಾಗಿ ಇಷ್ಟು ಹೇಳಲೇಬೇಕು. ಗೋವೆಯ ಪಹಣಿಗೆ ಫಾರ್ಮ್ 1 ಮತ್ತು 14 ಎನ್ನುತ್ತಾರೆ. ಅದರಲ್ಲಿ ಜಮೀನಿನ ಬಗೆಗೆ ಬೇರೆ ಬೇರೆ ಕಾಲಂ ಇವೆ: ಒಣಬೇಸಾಯ, ತೋಟ, ಭತ್ತ, ಖಾಜನ್, ಕೇರ್ (ನಡುಮಟ್ಟದ ನೆಲ), ಮೊರಡ್ (ಮೇಲ್ಮಟ್ಟದ ನೆಲ). ದಕ್ಷಿಣ ಕನ್ನಡದವರು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದಂತೆ ಇದೂ ಎತ್ತರದ ಲೆಕ್ಕ. ಖಾಜನ್ ಕಾಲಂನಲ್ಲಿ ಅಂಕಿ ಇದ್ದರೆ ಆ ನೆಲ ಉಬ್ಬರಕ್ಕಿಂತ ತಗ್ಗಿನದ್ದು, ಮೇಲೆ ಎಷ್ಟೇ ಕೆಮ್ಮಣ್ಣು ಸುರಿದಿದ್ದರೂ ಸರಿ. ಗೇಣಿದಾರರ ಹೆಸರಿನ ಜಾಗ ಖಾಲಿ ಇದೆಯೇ ನೋಡಿ. ಸರ್ವೆ ನಕ್ಷೆಯಲ್ಲಿ ಹತ್ತಿರದ ತೂಬು ಯಾವುದು, ಅದು ಈಗಲೂ ಕೆಲಸ ಮಾಡುತ್ತಿದೆಯೇ ಎಂದು ಊರಲ್ಲಿ ವಿಚಾರಿಸಿ. ಜಾಗ ನೋಡಲು ಅಷ್ಟಮಿಯ ದಿನ ಹೋಗಬೇಡಿ. ಮಳೆಗಾಲದ ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಮರುದಿನ, ಮುರಗಾಂವ್ ಬಂದರಿನ ಉಬ್ಬರ ಪಟ್ಟಿ ನೋಡಿಕೊಂಡು, ಉಬ್ಬರದ ಹೊತ್ತಿಗೇ ಹೋಗಿ. ನದಿಯ ಒಳಭಾಗಕ್ಕೆ ಹೋದಷ್ಟೂ ಉಬ್ಬರ ತಡವಾಗಿ ತಲುಪುತ್ತದೆ ಎಂಬುದು ನೆನಪಿರಲಿ. ಪಟ್ಟಿಯಲ್ಲಿರುವ ಹೊತ್ತು ಬಂದರಿನದ್ದು, ನಿಮ್ಮ ಸೈಟಿನದ್ದಲ್ಲ. ಸೈಟಿನ ಅಂಚಿನಲ್ಲಿ ಏಡಿಯ ಬಿಲ, ಕಾಂಡ್ಲಾ ಸಸಿ, ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಹೊಪ್ಪಳೆ ಕಂಡರೆ ಮುಂಗಡ ಕೊಡಬೇಡಿ.